ಸೊಂಟನೋವು, ನಿದ್ರಾಹೀನತೆ: ಯೋಗವನ್ನೇ ಮುಂದುವರಿಸಲೇ, ಪಿಲಾಟೀಸ್ ಸೇರಲೇ?

ಡೊಂಬಿವಲಿ ನಿವಾಸಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 43. ಮನೆ ಡೊಂಬಿವಲಿಯಲ್ಲಿ, ಕಚೇರಿ ಫೋರ್ಟ್‌ನಲ್ಲಿ. ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ, ಅದರಲ್ಲಿ ಬಹುಪಾಲು ಲೋಕಲ್ ರೈಲಿನಲ್ಲಿ ನಿಂತೇ ಕಳೆಯುತ್ತದೆ. ಕಚೇರಿಯಲ್ಲಿ ಎಂಟು ಗಂಟೆ ಕುರ್ಚಿಯ ಮೇಲೆ. ಎರಡು ವರ್ಷಗಳಿಂದ ಸೊಂಟದ ಬಲಭಾಗದಲ್ಲಿ ನೋವಿದೆ. ಎಕ್ಸ್‌ರೇ, ಎಂಆರ್‌ಐ ಎರಡೂ ಆದವು. ಶಸ್ತ್ರಚಿಕಿತ್ಸೆ ಬೇಕಾಗುವಂಥದ್ದೇನೂ ಇಲ್ಲ, ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳಿ ಕಳುಹಿಸಿದರು. ಇದರ ಜೊತೆಗೆ ರಾತ್ರಿ ಎರಡು ಮೂರು ಗಂಟೆಗೆ ಎಚ್ಚರವಾಗಿ, ಮತ್ತೆ ನಿದ್ದೆ ಹತ್ತದೆ, ಮರುದಿನದ ಕೆಲಸಗಳನ್ನೆಲ್ಲ ಲೆಕ್ಕ ಹಾಕುತ್ತ ಮಲಗಿರುವ ಅಭ್ಯಾಸವೂ ಅಂಟಿಕೊಂಡಿದೆ.

ಎಂಟು ತಿಂಗಳಿಂದ ನಮ್ಮ ಸೊಸೈಟಿಯ ಹಾಲ್‌ನಲ್ಲಿ ಬೆಳಿಗ್ಗೆ ನಡೆಯುವ ಯೋಗ ತರಗತಿಗೆ ಹೋಗುತ್ತಿದ್ದೇನೆ. ಚಿಕ್ಕಂದಿನಲ್ಲಿ ಧಾರವಾಡದಲ್ಲಿ ಭರತನಾಟ್ಯ ಕಲಿತಿದ್ದರಿಂದಲೋ ಏನೋ, ನನ್ನ ಮೈ ಚೆನ್ನಾಗಿ ಬಾಗುತ್ತದೆ. ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಹಣೆ ಮೊಣಕಾಲಿಗೆ ತಾಗುತ್ತದೆ. ನನ್ನನ್ನೇ ಮುಂದೆ ಕೂರಿಸಿ ಉಳಿದವರಿಗೆ ತೋರಿಸುತ್ತಾರೆ. ಆದರೂ ನೋವು ಕಡಿಮೆಯಾಗಿಲ್ಲ, ಈಚೆಗೆ ತರಗತಿ ಇದ್ದ ದಿನ ಸಂಜೆ ಹೆಚ್ಚೇ ಆಗುತ್ತಿದೆ. ಸಹೋದ್ಯೋಗಿಯೊಬ್ಬರು ಪಿಲಾಟೀಸ್ ಸೇರಿಕೊಳ್ಳಿ ಎನ್ನುತ್ತಾರೆ, ಹೊಟ್ಟೆ ಬೆನ್ನಿನ ಸ್ನಾಯುಗಳನ್ನು ನಿಧಾನವಾಗಿ, ಹತೋಟಿಯಿಂದ ದುಡಿಸುವ ವ್ಯಾಯಾಮ ಪದ್ಧತಿಯಂತೆ ಅದು. ನಮ್ಮದೇ ಆದ ಯೋಗ ಇರುವಾಗ ಅದೇನು ಹೊಸದು ಎಂದು ಅತ್ತೆಯವರು ಕೇಳುತ್ತಾರೆ. ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಸಮಯ ನನಗೆ ಸಿಗುವುದಿಲ್ಲ. ಎರಡನ್ನೂ ಬಲ್ಲವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಮಾಟುಂಗಾದ ಹಿರಿಯ ಸದಸ್ಯ:

ತಂಗಿ, ನನಗೀಗ 71. ಮೂವತ್ತು ವರ್ಷಗಳಿಂದ ಯೋಗಾಭ್ಯಾಸ ಮಾಡುತ್ತಿದ್ದೇನೆ, ಆದ್ದರಿಂದ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾವಿರುವ ಈ ಪ್ರದೇಶ ಆಧುನಿಕ ಯೋಗದ ತೊಟ್ಟಿಲು ಎಂಬುದನ್ನು ಮುಂಬಯಿಯ ಕನ್ನಡಿಗರು ಮರೆಯಬಾರದು. ಶ್ರೀ ಯೋಗೇಂದ್ರರು 1918ರಲ್ಲಿ ವರ್ಸೋವಾದಲ್ಲಿ ಆರಂಭಿಸಿದ ಯೋಗ ಸಂಸ್ಥೆ ಇಂದಿಗೂ ಸಾಂತಾಕ್ರೂಜ್‌ನಲ್ಲಿ ನಡೆಯುತ್ತಿದೆ. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋನಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಆಸನ ಮತ್ತು ಪ್ರಾಣಾಯಾಮಗಳಿಂದ ದೇಹದೊಳಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ಉಪಕರಣಗಳಿಟ್ಟು ಅಳೆಯಲು ತೊಡಗಿದರು. ನಂಬಿಕೆಯಿಂದ ಬಂದದ್ದನ್ನು ಪರೀಕ್ಷೆಗೆ ಒಡ್ಡುವ ಧೈರ್ಯ ಆ ಕಾಲದಲ್ಲಿ ಸಣ್ಣದಲ್ಲ.

ನಿಮ್ಮ ಬರಹದಲ್ಲಿ ನನಗೆ ಕಳವಳ ತಂದದ್ದು ಒಂದೇ ಮಾತು: ಮುಂದೆ ಕೂರಿಸಿ ತೋರಿಸುತ್ತಾರೆ ಎಂಬುದು. ‘ಸ್ಥಿರಸುಖಮಾಸನಮ್’ ಎಂದು ಪತಂಜಲಿ ಹೇಳಿದ್ದಾರೆ. ಆಸನ ಸ್ಥಿರವಾಗಿರಬೇಕು, ಸುಖವಾಗಿರಬೇಕು. ಹಣೆ ಮೊಣಕಾಲಿಗೆ ತಾಗಿತೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಯಮ, ನಿಯಮಗಳಿಂದ ಸಮಾಧಿಯವರೆಗಿನ ಎಂಟು ಅಂಗಗಳಲ್ಲಿ ಆಸನ ಒಂದು ಮಾತ್ರ. ನಿಮ್ಮ ತರಗತಿಯಲ್ಲಿ ಪ್ರಾಣಾಯಾಮಕ್ಕೆ ಎಷ್ಟು ಹೊತ್ತು ಕೊಡುತ್ತಾರೆ, ಶವಾಸನಕ್ಕೆ ಎಷ್ಟು ಹೊತ್ತು? ಅದು ಐದು ನಿಮಿಷಕ್ಕಿಂತ ಕಡಿಮೆ ಎಂದಾದರೆ ನೀವು ಎಂಟು ತಿಂಗಳು ಮಾಡಿದ್ದು ಯೋಗದ ಒಂದು ತುಣುಕು. ಅದನ್ನಿಟ್ಟುಕೊಂಡು ಇಡೀ ಯೋಗವನ್ನು ಅಳೆಯಬೇಡಿ ಎಂಬುದು ನನ್ನ ವಿನಂತಿ.

ಠಾಣೆಯ ಸದಸ್ಯೆ:

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಪಿಲಾಟೀಸ್ ಪರವಾಗಿಯೂ ಯಾರಾದರೂ ಮಾತಾಡಬೇಕು. ಎರಡನೆಯ ಹೆರಿಗೆಯ ನಂತರ ನನ್ನ ಹೊಟ್ಟೆಯ ನಡುವೆ, ಎಡಬಲದ ಸ್ನಾಯುಗಳ ಮಧ್ಯೆ, ಎರಡು ಬೆರಳು ಇಳಿಯುವಷ್ಟು ಅಂತರ ಬಿಟ್ಟಿತ್ತು. ಮಗುವನ್ನು ಎತ್ತಿದರೆ ಸೊಂಟ ಕಳಚಿ ಬೀಳುವುದೇನೋ ಎನ್ನಿಸುತ್ತಿತ್ತು. ಪಿಲಾಟೀಸ್‌ನಿಂದಲೇ ನಾನು ಚೇತರಿಸಿಕೊಂಡೆ.

ಇದು ಜಿಮ್‌ನವರು ಮೊನ್ನೆ ಹುಟ್ಟುಹಾಕಿದ ಹೊಸ ಹುಚ್ಚು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಉಬ್ಬಸ, ಮೂಳೆ ಮೆತ್ತಗಾಗುವ ರಿಕೆಟ್ಸ್, ರುಮ್ಯಾಟಿಕ್ ಜ್ವರ ಎಲ್ಲವೂ ಕಾಡಿದ್ದವು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಕಾರಣ ಅವರನ್ನು ಶತ್ರುದೇಶದ ಪ್ರಜೆಯೆಂದು ಬಂಧನ ಶಿಬಿರದಲ್ಲಿಟ್ಟರು, ಕೊನೆಗೆ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ. ಹಾಸಿಗೆ ಹಿಡಿದವರೂ ಕೈಕಾಲಾಡಿಸಲೆಂದು ಮಂಚಕ್ಕೆ ಸ್ಪ್ರಿಂಗ್ ಕಟ್ಟಿದ್ದು ಅಲ್ಲಿಯೇ ಎಂದು ಹೇಳುತ್ತಾರೆ. ಇಂದಿನ ರಿಫಾರ್ಮರ್ ಯಂತ್ರದಲ್ಲಿ ಜಾರುವ ಹಲಗೆಗೆ ಸ್ಪ್ರಿಂಗ್‌ಗಳಿರುವುದನ್ನು ನೋಡಿದಾಗ ಆ ಮಾತು ನೆನಪಾಗುತ್ತದೆ. 1926ರಲ್ಲಿ ಅವರು ನ್ಯೂಯಾರ್ಕ್‌ಗೆ ಹೋಗಿ ವ್ಯಾಯಾಮಶಾಲೆ ತೆರೆದರು. ಪೆಟ್ಟು ಮಾಡಿಕೊಂಡ ನರ್ತಕರು ಅಲ್ಲಿಗೆ ಬರತೊಡಗಿದರು. ತಮ್ಮ ಪದ್ಧತಿಯನ್ನು ಅವರು ಕರೆದದ್ದು ‘ಕಂಟ್ರಾಲಜಿ’ ಎಂದು, ಅಂದರೆ ಹತೋಟಿಯ ವಿದ್ಯೆ. ಆ ಹೆಸರೇ ಅದರ ತಿರುಳು.

ತರಗತಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ‘ದಿ ಹಂಡ್ರೆಡ್’ ಎಂಬ ವ್ಯಾಯಾಮದಲ್ಲಿ ಅಂಗಾತ ಮಲಗಿ, ತಲೆ ಮತ್ತು ಭುಜವನ್ನು ನೆಲದಿಂದ ಸ್ವಲ್ಪ ಎತ್ತಿ, ಕಾಲುಗಳನ್ನೂ ಎತ್ತಿ ಹಿಡಿದು, ಕೈಗಳನ್ನು ಮೈಯ ಪಕ್ಕದಲ್ಲಿ ನೀರು ಬಡಿಯುವಂತೆ ಸಣ್ಣಗೆ ಆಡಿಸಬೇಕು. ಐದು ಎಣಿಕೆ ಉಸಿರು ಒಳಗೆ, ಐದು ಎಣಿಕೆ ಹೊರಗೆ. ಹೀಗೆ ಹತ್ತು ಸಲ ಮಾಡಿದರೆ ನೂರು. ನನಗೆ ಮೊದಲ ಎರಡು ತಿಂಗಳು ಇದನ್ನು ಮುಟ್ಟಲೂ ಬಿಡಲಿಲ್ಲ. ಮಂಡಿ ಮಡಚಿ ಮಲಗಿಸಿ, ಕಿಬ್ಬೊಟ್ಟೆಯ ಮೇಲೆ ನನ್ನದೇ ಬೆರಳುಗಳನ್ನಿಡಿಸಿ, ಉಸಿರು ಬಿಡುವಾಗ ಅಲ್ಲಿ ಒಳಗಡೆ ಸಣ್ಣದೊಂದು ಬಿಗಿತ ಬರುತ್ತದೆಯೇ ನೋಡಿ ಎಂದರು. ಆ ಬಿಗಿತವನ್ನು ಗುರುತಿಸಲು ಮೂರು ವಾರ ಹಿಡಿಯಿತು. ಅದು ಸಿಕ್ಕ ದಿನ ಮಗುವನ್ನು ಎತ್ತಿದಾಗ ಸೊಂಟ ಕಳಚುವ ಭಾವನೆ ಬರಲಿಲ್ಲ.

ನವಿ ಮುಂಬಯಿಯ ಸದಸ್ಯ:

ಪಿಲಾಟೀಸ್‌ನಿಂದ ದೇಹಕ್ಕೆ ಲಾಭವಾಗಬಹುದು. ಆದರೆ ಪ್ರಶ್ನೆ ಕೇಳಿದವರಿಗೆ ನಿದ್ದೆಯೂ ಬೇಕಲ್ಲ? ಅದರಲ್ಲಿ ಮನಸ್ಸಿಗೆ ಏನಿದೆ? ಮೇಲಾಗಿ ಯಂತ್ರದ ತರಗತಿಗಳ ಶುಲ್ಕ ಸಾಮಾನ್ಯ ನೌಕರರ ಕೈಗೆ ಎಟಕುವಂಥದ್ದಲ್ಲ.

ಠಾಣೆಯ ಸದಸ್ಯೆ:

ಶುಲ್ಕದ ಮಾತು ನಿಜ. ಆದರೆ ಯಂತ್ರ ಕಡ್ಡಾಯವಲ್ಲ. ಜೋಸೆಫ್ ಪಿಲಾಟೀಸ್ 1945ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿರುವ 34 ವ್ಯಾಯಾಮಗಳೂ ಚಾಪೆಯ ಮೇಲೆ ಮಾಡುವಂಥವೇ. ನಾನು ಯಂತ್ರ ಬಳಸಿದ್ದು ಮೊದಲ ಕೆಲವು ವಾರ ಮಾತ್ರ. ಮನಸ್ಸಿನ ವಿಷಯಕ್ಕೆ ಬಂದರೆ, ಒಂದು ಕಾಲನ್ನು ನಿಧಾನವಾಗಿ ಇಳಿಸುವಾಗ ಬೆನ್ನು ಕದಲದಂತೆ ನೋಡಿಕೊಳ್ಳುವುದಕ್ಕೆ ಎಷ್ಟು ಗಮನ ಬೇಕೆಂದರೆ, ಆ ಮುಕ್ಕಾಲು ಗಂಟೆ ಬೇರೆ ಯಾವ ಚಿಂತೆಗೂ ಜಾಗವಿರುವುದಿಲ್ಲ. ಆದರೂ ಪ್ರಾಮಾಣಿಕವಾಗಿ ಹೇಳಬೇಕು: ಅದು ಏಕಾಗ್ರತೆಯೇ ಹೊರತು ವಿಶ್ರಾಂತಿಯಲ್ಲ. ತರಗತಿ ಮುಗಿದಾಗ ನಾನು ಚುರುಕಾಗಿರುತ್ತೇನೆ. ಶವಾಸನದಿಂದ ಎದ್ದಾಗ ಇರುವ ತಂಪು ಅದರಲ್ಲಿ ನನಗೆ ಸಿಕ್ಕಿಲ್ಲ.

ಪುಣೆಯ ಯೋಗ ಶಿಕ್ಷಕ:

ಠಾಣೆಯ ಸಹೋದರಿ ಬರೆದದ್ದನ್ನು ಓದಿ ನನಗೆ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ಯರು ನೆನಪಾದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅವರನ್ನೂ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಂದು ಒಂದಾದ ಮೇಲೊಂದು ಕಾಯಿಲೆ ಹಣ್ಣು ಮಾಡಿದ್ದವು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಳಿ ಕಲಿತು, 1937ರಲ್ಲಿ, ಹತ್ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, ಮರಾಠಿ ಬಾರದೆ ಪುಣೆಗೆ ಬಂದು, ಇಲ್ಲಿಯೇ ಬೇರೂರಿ, 2014ರಲ್ಲಿ ಇಲ್ಲಿಯೇ ತೀರಿಕೊಂಡರು. ಸ್ವಂತ ದೇಹದ ದೌರ್ಬಲ್ಯದಿಂದಲೇ ಪಿಲಾಟೀಸ್, ಅಯ್ಯಂಗಾರ್ ಇಬ್ಬರೂ ಶರೀರಶಾಸ್ತ್ರ ಕಲಿತರು, ಇಬ್ಬರೂ ದುರ್ಬಲರಿಗಾಗಿ ಸಾಧನಗಳನ್ನು ರೂಪಿಸಿದರು. ಅವರು ಮಂಚಕ್ಕೆ ಸ್ಪ್ರಿಂಗ್ ಕಟ್ಟಿದರು. ಇವರು ಗೋಡೆಗೆ ಹಗ್ಗ ಕಟ್ಟಿದರು, ಮರದ ಇಟ್ಟಿಗೆ, ಬೆಲ್ಟ್, ಲೋಡುದಿಂಬು, ಮಡಚುವ ಕಬ್ಬಿಣದ ಕುರ್ಚಿ ಎಲ್ಲವನ್ನೂ ಆಸನಕ್ಕೆ ಒಗ್ಗಿಸಿದರು.

ಆದ್ದರಿಂದ ಯೋಗವೋ ಪಿಲಾಟೀಸೋ ಎಂದು ಕೇಳುವ ಮೊದಲು ಯಾವ ಯೋಗ ಎಂದು ಕೇಳಬೇಕು. ವೇಗವಾಗಿ ಆಸನದಿಂದ ಆಸನಕ್ಕೆ ಹಾರುವ ತರಗತಿ ಬೇರೆ, ಒಂದು ತ್ರಿಕೋನಾಸನದಲ್ಲಿ ಹಿಮ್ಮಡಿ ಎಲ್ಲಿ ಒತ್ತುತ್ತದೆ ಎಂದು ಐದು ನಿಮಿಷ ನೋಡುವ ತರಗತಿ ಬೇರೆ. ಇನ್ನೊಂದು ಮಾತನ್ನು ನಮ್ಮವರ ಮೇಲೆಯೇ ಹೇಳಬೇಕಾಗಿದೆ. ವಿದ್ಯಾರ್ಥಿಯ ಬೆನ್ನ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತುವ ಶಿಕ್ಷಕರನ್ನು ನಾನು ಕಂಡಿದ್ದೇನೆ. ಬಹಳ ವರ್ಷಗಳ ಹಿಂದೆ ಅಂಥದೊಂದು ಒತ್ತಿನಿಂದ ನನ್ನದೇ ತೊಡೆಯ ಹಿಂಭಾಗದ ಸ್ನಾಯು, ಕೂರುವ ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ, ಹರಿಯಿತು. ಒಂದು ವರ್ಷ ನೆಟ್ಟಗೆ ಕೂರಲಾಗಲಿಲ್ಲ. ಅಂದಿನಿಂದ ನಾನು ಯಾರನ್ನೂ ಒತ್ತುವುದಿಲ್ಲ.

ವಾಸ್ಕೋದ ಫಿಸಿಯೋಥೆರಪಿಸ್ಟ್:

ಮೊದಲು ಸಾಕ್ಷ್ಯ ಏನು ಹೇಳುತ್ತದೆ ನೋಡೋಣ. ದೀರ್ಘಕಾಲದ ಸೊಂಟನೋವಿಗೆ ಪಿಲಾಟೀಸ್ ಬಗ್ಗೆ 2015ರಲ್ಲಿ ಬಂದ ಕಾಕ್ರೇನ್ ಸಮೀಕ್ಷೆ (ಹಲವು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) 10 ಪ್ರಯೋಗಗಳನ್ನು, ಒಟ್ಟು 510 ಜನರನ್ನು ಗಣನೆಗೆ ತೆಗೆದುಕೊಂಡಿತ್ತು. ಏನೂ ಮಾಡದಿರುವುದಕ್ಕಿಂತ ಪಿಲಾಟೀಸ್ ಮೇಲು, ಬೇರೆ ವ್ಯಾಯಾಮಗಳಿಗಿಂತ ಮೇಲು ಎನ್ನಲು ಆಧಾರ ಸಾಲದು ಎಂಬುದು ಅದರ ತೀರ್ಮಾನ. ಯೋಗದ ಬಗ್ಗೆ 2017ರ ಸಮೀಕ್ಷೆಯಲ್ಲಿ 12 ಪ್ರಯೋಗಗಳು, 1,080 ಜನ. ಅಲ್ಲಿಯೂ ವ್ಯಾಯಾಮ ಮಾಡದವರಿಗಿಂತ ಯೋಗ ಮಾಡಿದವರ ದೈನಂದಿನ ಚಟುವಟಿಕೆ ಸುಧಾರಿಸಿತ್ತು, ಆದರೆ ಬೇರೆ ವ್ಯಾಯಾಮದೊಂದಿಗೆ ಹೋಲಿಸಿದಾಗ ಸ್ಪಷ್ಟ ಅಂತರ ಕಾಣಲಿಲ್ಲ. ಕೆಲವರಿಗೆ ಸೊಂಟನೋವು ಹೆಚ್ಚಾದದ್ದೂ ದಾಖಲಾಗಿದೆ. ಅಂದರೆ ಸರಾಸರಿಯಲ್ಲಿ ಎರಡೂ ಸಮವೇ. ಆದರೆ ನನ್ನ ಮೇಜಿನ ಮುಂದೆ ಬಂದು ಕೂರುವವರು ಸರಾಸರಿಯಲ್ಲ, ಒಬ್ಬೊಬ್ಬ ವ್ಯಕ್ತಿ.

ಮೇಡಂ, ನಿಮ್ಮ ಬರಹದಲ್ಲಿ ಎಲ್ಲರೂ ದಾಟಿ ಹೋದ ಒಂದು ವಾಕ್ಯವಿದೆ: ಮೈ ಚೆನ್ನಾಗಿ ಬಾಗುತ್ತದೆ ಎಂದಿದ್ದೀರಿ. ಇವತ್ತು ಮನೆಯಲ್ಲಿ ಐದು ಪರೀಕ್ಷೆ ಮಾಡಿ ನೋಡಿ. ಮಣಿಕಟ್ಟನ್ನು ಒಳಕ್ಕೆ ಮಡಚಿ, ಇನ್ನೊಂದು ಕೈಯಿಂದ ಹೆಬ್ಬೆರಳನ್ನು ಒತ್ತಿದರೆ ಅದು ಮುಂಗೈಯ ಒಳಭಾಗಕ್ಕೆ ತಾಗುತ್ತದೆಯೇ? ಅಂಗೈಯನ್ನು ಮೇಜಿನ ಮೇಲಿಟ್ಟು ಕಿರುಬೆರಳನ್ನು ಮೇಲೆತ್ತಿದರೆ ಅದು ಲಂಬಕೋನ ದಾಟಿ ಹಿಂದಕ್ಕೆ ಹೋಗುತ್ತದೆಯೇ? ಮೊಣಕೈ ನೇರ ಮಾಡಿದಾಗ ನೇರಕ್ಕಿಂತ 10 ಡಿಗ್ರಿಗೂ ಹೆಚ್ಚು ಹಿಂದಕ್ಕೆ ಹೋಗುತ್ತದೆಯೇ? ಮೊಣಕಾಲೂ ಹಾಗೆಯೇ? ಈ ನಾಲ್ಕಕ್ಕೆ ಎಡಬಲ ಒಂದೊಂದು ಅಂಕ. ಮಂಡಿ ಮಡಚದೆ ಅಂಗೈಯನ್ನು ಪೂರ್ತಿ ನೆಲಕ್ಕೆ ಊರಬಲ್ಲಿರಾದರೆ ಇನ್ನೊಂದು. ಒಟ್ಟು 9. ಇದನ್ನು ಬೈಟನ್ ಅಂಕ ಎನ್ನುತ್ತಾರೆ. 50 ವರ್ಷದೊಳಗಿನ ವಯಸ್ಕರಲ್ಲಿ 5 ಅಥವಾ ಹೆಚ್ಚು ಬಂದರೆ ಕೀಲುಗಳು ಸಡಿಲ ಎಂದು ಪರಿಗಣಿಸುತ್ತೇವೆ.

ಇದರ ಜೊತೆಗೆ ಕಾಲು ಜೋಮು ಹಿಡಿಯುವುದು, ಪಾದದ ಶಕ್ತಿ ಕುಂದುವುದು, ಮೂತ್ರದ ಹತೋಟಿ ತಪ್ಪುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಈ ಚರ್ಚೆಯನ್ನು ಬಿಟ್ಟು ತಕ್ಷಣ ವೈದ್ಯರಲ್ಲಿಗೆ ಹೋಗಿ.

ಡೊಂಬಿವಲಿ ನಿವಾಸಿ:

ಕೊನೆಗೆ ಹೇಳಿದ ಲಕ್ಷಣಗಳು ಯಾವುವೂ ಇಲ್ಲ. ಪರೀಕ್ಷೆಯನ್ನು ಮಗಳು ತನ್ನ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ತಂದು ಮಾಡಿದಳು. ಹೆಬ್ಬೆರಳು ಎರಡೂ ತಾಗಿದವು, ಕಿರುಬೆರಳು ಎರಡೂ ಲಂಬಕೋನ ದಾಟಿದವು, ಮೊಣಕೈ ಎರಡೂ ಹಿಂದಕ್ಕೆ ಹೋಗುತ್ತವೆ, ಅಂಗೈ ಪೂರ್ತಿ ನೆಲಕ್ಕೆ ಬರುತ್ತದೆ. ಮೊಣಕಾಲು ಮಾತ್ರ ಇಲ್ಲ. ಒಟ್ಟು 7. ಇದು ಎಲ್ಲರಿಗೂ ಹೀಗೆಯೇ ಬರುತ್ತದೆ ಎಂದು ಇಷ್ಟು ವರ್ಷ ತಿಳಿದಿದ್ದೆ.

ಮಗಳು ಇನ್ನೊಂದು ವಿಷಯ ಹೇಳಿದಳು. ನಾನು ಅಡುಗೆಮನೆಯಲ್ಲಿ ನಿಂತಾಗ ಬಲಗಾಲಿನ ಮೇಲೆ ಪೂರ್ತಿ ಭಾರ ಬಿಟ್ಟು, ಸೊಂಟವನ್ನು ಆ ಪಕ್ಕಕ್ಕೆ ಜೋಲುಬಿಟ್ಟು ನಿಲ್ಲುತ್ತೇನಂತೆ. ಇಂದು ರೈಲಿನಲ್ಲಿ ಗಮನಿಸಿದೆ. ಎಡಗೈಯಲ್ಲಿ ಹಿಡಿ ಹಿಡಿದು, ದಿವಾದಿಂದ ಘಾಟ್ಕೋಪರ್‌ವರೆಗೆ ಹಾಗೆಯೇ ನಿಂತಿದ್ದೆ.

ವಾಸ್ಕೋದ ಫಿಸಿಯೋಥೆರಪಿಸ್ಟ್:

ನಿಮ್ಮನ್ನು ಮುಟ್ಟಿ ನೋಡದೆ ರೋಗನಿರ್ಣಯ ಮಾಡಲಾರೆ, ಆದರೆ ಚಿತ್ರ ಸ್ಪಷ್ಟವಾಗುತ್ತಿದೆ. ಕೀಲನ್ನು ಕಟ್ಟಿ ಹಿಡಿಯುವ ಕೆಲಸವನ್ನು ಸ್ನಾಯು ಮತ್ತು ಅಸ್ಥಿಬಂಧಗಳು (ಮೂಳೆಗೆ ಮೂಳೆ ಜೋಡಿಸುವ ಪಟ್ಟಿಗಳು, ಲಿಗಮೆಂಟ್) ಹಂಚಿಕೊಂಡಿರುತ್ತವೆ. ಅಸ್ಥಿಬಂಧ ಹುಟ್ಟಿನಿಂದಲೇ ಸಡಿಲವಾಗಿದ್ದವರಲ್ಲಿ ಸ್ನಾಯು ದುಪ್ಪಟ್ಟು ದುಡಿಯಬೇಕು. ನೀವು ನಿಂತಾಗ ಸ್ನಾಯು ದುಡಿಯುತ್ತಿಲ್ಲ, ಸೊಂಟ ಅಸ್ಥಿಬಂಧಕ್ಕೆ ನೇತುಬಿದ್ದಿದೆ. ಯೋಗದಲ್ಲಿ ಬಾಗಿದಾಗಲೂ ಅಷ್ಟೇ: ತೊಡೆಯ ಹಿಂಭಾಗ ಎಳೆಯುವ ಮೊದಲೇ ಸೊಂಟದ ಕೀಲುಗಳು ಕೊನೆಯ ಮಿತಿಗೆ ಹೋಗಿ ನಿಲ್ಲುತ್ತವೆ. ಪೆಡಸು ಮೈಯವರಿಗೆ ಔಷಧವಾಗುವ ಅದೇ ಆಸನ ನಿಮಗೆ ನೋವನ್ನು ಕೆದಕುತ್ತಿರಬಹುದು.

ಇಪ್ಪತ್ತು ವರ್ಷಗಳಿಂದ ನಾನು ಕಾಣುತ್ತಿರುವ ಒಂದು ಸಂಗತಿಯಿದೆ. ಜನ ತಮಗೆ ಸುಲಭವಾಗಿ ಒಲಿಯುವುದನ್ನೇ ಆರಿಸಿಕೊಳ್ಳುತ್ತಾರೆ. ಬಾಗುವ ಮೈಯವರು ಯೋಗಕ್ಕೆ ಹೋಗಿ ಇನ್ನಷ್ಟು ಬಾಗುತ್ತಾರೆ, ಏಕೆಂದರೆ ಅಲ್ಲಿ ಮೆಚ್ಚುಗೆ ಸಿಗುತ್ತದೆ. ಗಟ್ಟಿ ಮೈಯವರು ಬಲದ ವ್ಯಾಯಾಮಕ್ಕೆ ಹೋಗಿ ಇನ್ನಷ್ಟು ಬಿಗಿಯುತ್ತಾರೆ. ಅಗತ್ಯವಿರುವುದು ಬಹುತೇಕ ಅದರ ವಿರುದ್ಧ. ನಿಮ್ಮಂಥವರಿಗೆ ಪಿಲಾಟೀಸ್‌ನ ನಿಧಾನವಾದ, ಕೀಲನ್ನು ಕೊನೆಯ ಮಿತಿಗೆ ಒಯ್ಯದ, ಹತೋಟಿಯ ಚಲನೆ ಹೆಚ್ಚು ಒಗ್ಗುತ್ತದೆ ಎಂದು ನನ್ನ ಅಭಿಪ್ರಾಯ. ನನ್ನ ತಮ್ಮ ಟ್ಯಾಕ್ಸಿ ಚಾಲಕ, ಕೈ ಪಾದಕ್ಕಿಂತ ಒಂದು ಮೊಳ ಮೇಲೆಯೇ ನಿಂತುಬಿಡುತ್ತದೆ. ಅವನಿಗೆ ಪುಣೆಯ ಸರ್ ಹೇಳಿದ ಬೆಲ್ಟ್ ಮತ್ತು ಇಟ್ಟಿಗೆಯ ಯೋಗವನ್ನೇ ಹೇಳಿದ್ದೇನೆ.

ಮಾಟುಂಗಾದ ಹಿರಿಯ ಸದಸ್ಯ:

ಡಾಕ್ಟರ್ ಸಾಹೇಬರ ವಿವರಣೆಗೆ ಕೃತಜ್ಞ. ಮೂವತ್ತು ವರ್ಷಗಳಲ್ಲಿ ಇಷ್ಟು ಬಿಡಿಸಿ ಯಾರೂ ನನಗೆ ಹೇಳಿರಲಿಲ್ಲ. ತಂಗಿ, ಸೊಂಟಕ್ಕಾಗಿ ನೀವು ಪಿಲಾಟೀಸ್‌ಗೆ ಹೋದರೆ ನನ್ನ ಆಕ್ಷೇಪವಿಲ್ಲ. ಆದರೆ ನಿದ್ದೆಯ ವಿಷಯವನ್ನು ಅದಕ್ಕೆ ಬಿಡಬೇಡಿ. ಉಸಿರು ಒಳಗೆ ಬರುವಾಗ ಹೃದಯದ ಬಡಿತ ತುಸು ಹೆಚ್ಚುತ್ತದೆ, ಹೊರಗೆ ಹೋಗುವಾಗ ಇಳಿಯುತ್ತದೆ. ಆದ್ದರಿಂದಲೇ ಹೊರ ಉಸಿರನ್ನು ಉದ್ದಮಾಡಿದರೆ ಮೈ ಸಡಿಲಿ ಮನಸ್ಸು ತಗ್ಗುತ್ತದೆ. ರಾತ್ರಿ ಹಾಸಿಗೆಯ ಅಂಚಿನಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕುಳಿತು, ಉಸಿರನ್ನು ಹಿಡಿದು ನಿಲ್ಲಿಸದೆ, ನಾಲ್ಕು ಎಣಿಸುತ್ತ ಎಳೆದು ಆರು ಎಣಿಸುತ್ತ ಬಿಡಿ. ಹತ್ತು ನಿಮಿಷ ಸಾಕು. ಕಪಾಲಭಾತಿಯಂಥ ರಭಸದ ಕ್ರಿಯೆಗಳನ್ನು ಆ ಹೊತ್ತಿನಲ್ಲಿ ಮಾಡಬೇಡಿ, ರಕ್ತದೊತ್ತಡ ಇದ್ದವರು ಬೆಳಿಗ್ಗೆಯೂ ಮಾಡಬಾರದು. ನಡುರಾತ್ರಿ ಎಚ್ಚರವಾದರೂ ಗಡಿಯಾರ ನೋಡದೆ ಇದನ್ನೇ ಮಲಗಿದಲ್ಲಿ ಮಾಡಿ.

ಪುಣೆಯ ಯೋಗ ಶಿಕ್ಷಕ:

ಒಂದು ಸಣ್ಣ ಸೇರ್ಪಡೆ. ಎರಡರ ಉಸಿರೂ ಬೇರೆ ಬೇರೆ, ಬೆರೆಸಬೇಡಿ. ಪಿಲಾಟೀಸ್‌ನಲ್ಲಿ ಹೊಟ್ಟೆಯನ್ನು ಹಿಡಿದಿಟ್ಟು ಪಕ್ಕೆಲುಬುಗಳನ್ನು ಅಗಲಿಸಿ ಉಸಿರೆಳೆದು, ಶ್ರಮದ ಹೊತ್ತಿಗೆ ಬಿಡುತ್ತಾರೆ. ಮಲಗುವ ಮುನ್ನ ಹೊಟ್ಟೆ ಸಡಿಲವಾಗಿರಲಿ, ಬಾಯಿ ಮುಚ್ಚಿರಲಿ. ಇದನ್ನು ಗಮನಿಸದೆ ರಾತ್ರಿಯೂ ಕಿಬ್ಬೊಟ್ಟೆ ಬಿಗಿಹಿಡಿದು ಕುಳಿತು, ಪ್ರಾಣಾಯಾಮದಿಂದ ನಿದ್ದೆ ಬರಲಿಲ್ಲ ಎಂದು ಬೇಸರಿಸಿದವರನ್ನು ಕಂಡಿದ್ದೇನೆ.

ಡೊಂಬಿವಲಿ ನಿವಾಸಿ (ಐದು ತಿಂಗಳ ನಂತರ):

ಎಲ್ಲರಿಗೂ ವರದಿ ಒಪ್ಪಿಸಬೇಕಾಗಿತ್ತು, ತಡವಾಯಿತು. ಇಲ್ಲಿಯೇ ಒಬ್ಬ ಫಿಸಿಯೋಥೆರಪಿಸ್ಟ್ ಬಳಿ ಹೋಗಿ ತೋರಿಸಿದೆ. ವಾಸ್ಕೋದ ಸರ್ ಊಹಿಸಿದ್ದನ್ನೇ ಅವರೂ ಹೇಳಿದರು. ವಾರಕ್ಕೆ ಎರಡು ದಿನ ಚಾಪೆಯ ಮೇಲಿನ ಪಿಲಾಟೀಸ್, ಭಾನುವಾರ ಹಳೆಯ ಯೋಗ ತರಗತಿ. ಯೋಗ ಶಿಕ್ಷಕಿಗೆ ಎಲ್ಲವನ್ನೂ ವಿವರಿಸಿದೆ. ಈಗ ಪಶ್ಚಿಮೋತ್ತಾನಾಸನದಲ್ಲಿ ಮಂಡಿ ಮಡಚಿ ಅರ್ಧಕ್ಕೇ ನಿಲ್ಲುತ್ತೇನೆ, ಅವರೂ ಒಪ್ಪಿದ್ದಾರೆ. ಮೊದಲ ಕೆಲವು ವಾರ ಹಾಗೆ ನಿಲ್ಲುವುದು ಮನಸ್ಸಿಗೆ ಕಷ್ಟವಾಯಿತು.

ಪಿಲಾಟೀಸ್‌ನಲ್ಲಿ ನಾನೇ ಎಲ್ಲರಿಗಿಂತ ಹಿಂದೆ. ಮಂಡಿ ಮತ್ತು ಕೈ ಊರಿ, ಎದುರುಬದುರಿನ ಒಂದು ಕೈ ಒಂದು ಕಾಲು ಎತ್ತಿ ಹಿಡಿದಾಗ ಬೆನ್ನ ಮೇಲೆ ಸ್ಟೀಲ್ ತಟ್ಟೆ ಇಡುತ್ತಾರೆ. ಅದು ಬೀಳದೆ ಐದು ಉಸಿರು ನಿಲ್ಲಲು ಏಳು ವಾರ ಬೇಕಾಯಿತು. ರೈಲಿನಲ್ಲಿ ಈಗ ಎರಡೂ ಪಾದಕ್ಕೆ ಭಾರ ಹಂಚಿ ನಿಲ್ಲುತ್ತೇನೆ, ಮರೆತರೆ ಮುಂಬ್ರಾ ಬಂದಾಗ ನೆನಪಿಸಿಕೊಳ್ಳುತ್ತೇನೆ. ನೋವು ಪೂರ್ತಿ ಹೋಗಿಲ್ಲ, ಆದರೆ ವಾರಕ್ಕೆ ಒಂದೆರಡು ದಿನಕ್ಕೆ ಇಳಿದಿದೆ. ಉಸಿರಿನ ಅಭ್ಯಾಸ ಒಂದು ರಾತ್ರಿಯೂ ತಪ್ಪಿಸಿಲ್ಲ. ಎಚ್ಚರ ಈಗಲೂ ಆಗುತ್ತದೆ, ಆದರೆ ಹೆಚ್ಚಿನ ದಿನ ಮತ್ತೆ ನಿದ್ದೆ ಹತ್ತುತ್ತದೆ.

ಈಗ ಅತ್ತೆಯವರೇ ನನ್ನ ಚಾಪೆಯ ಪಕ್ಕ ಬಂದು ಕೂರುತ್ತಾರೆ. ಅವರಿಗೆ 68, ಮೂಳೆ ಸವೆದಿದೆ ಎಂದು ಆಸ್ಟಿಯೋಪೊರೋಸಿಸ್‌ಗೆ ಮಾತ್ರೆ ನಡೆಯುತ್ತಿದೆ. ಅವರಿಗೆ ಏನು ಹೇಳಿಕೊಡಲಿ?

ವಾಸ್ಕೋದ ಫಿಸಿಯೋಥೆರಪಿಸ್ಟ್:

ಬಹಳ ಸಂತೋಷ, ಮೇಡಂ. ಅತ್ತೆಯವರಿಗೆ ನೀವು ಮಾಡುವುದನ್ನು ಹಾಗೆಯೇ ಕಲಿಸಬೇಡಿ. 1984ರಲ್ಲಿ ಪ್ರಕಟವಾದ, ಆಸ್ಟಿಯೋಪೊರೋಸಿಸ್ ಇದ್ದ 59 ಮಹಿಳೆಯರ ಅಧ್ಯಯನವೊಂದರಲ್ಲಿ, ಬೆನ್ನನ್ನು ಮುಂದಕ್ಕೆ ಬಾಗಿಸುವ ವ್ಯಾಯಾಮ ಮಾಡಿದವರಲ್ಲಿ 89 ಪ್ರತಿಶತ ಮಂದಿಗೆ ಬೆನ್ನುಮೂಳೆ ಮತ್ತಷ್ಟು ಕುಸಿದಿತ್ತು. ಬೆನ್ನನ್ನು ಹಿಂದಕ್ಕೆ ನೆಟ್ಟಗೆ ಮಾಡುವ ವ್ಯಾಯಾಮದವರಲ್ಲಿ ಅದು 16 ಪ್ರತಿಶತ. ಆದ್ದರಿಂದ ಪಿಲಾಟೀಸ್‌ನ ರೋಲ್ ಅಪ್ (ಮಲಗಿದಲ್ಲಿಂದ ಬೆನ್ನನ್ನು ಸುರುಳಿಯಂತೆ ಬಾಗಿಸಿ ಏಳುವುದು), ಹಂಡ್ರೆಡ್‌ಗಳೂ ಬೇಡ, ಯೋಗದ ಪಶ್ಚಿಮೋತ್ತಾನಾಸನ, ಹಲಾಸನಗಳೂ ಬೇಡ, ಜೋರಾಗಿ ತಿರುಚುವುದೂ ಬೇಡ. ಗೋಡೆಗೆ ಬೆನ್ನು ತಾಗಿಸಿ ನೆಟ್ಟಗೆ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಅಡುಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಇಷ್ಟರಿಂದ ಶುರುಮಾಡಿ. ಮೊದಲ ವಾರ ನೀವು ಪಕ್ಕದಲ್ಲೇ ನಿಂತಿರಿ. ಮೂಳೆಯ ಸಾಂದ್ರತೆಯ ವರದಿಯನ್ನು ಅವರ ವೈದ್ಯರಿಗೆ ತೋರಿಸಿ, ಹಿಂದೆ ಎಂದಾದರೂ ಬೆನ್ನುಮೂಳೆ ಕುಸಿದದ್ದಿದೆಯೇ ಎಂದು ಕೇಳಿಕೊಂಡು ಬನ್ನಿ. ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.